ತೊಯ್ಗ್

ಹಾಲು ಮೂಗಿನಿಂದ ಬಂತು.
ಮೊದಲ ಸಲ, ಸೀನಿದಳೇನೋ ಅಂದುಕೊಂಡೆ.
ಎರಡನೆಯ ಸಲ ತುಟಿ ನೇರಳೆಗೆ ತಿರುಗಿತು.
ಮೂರನೆಯ ಸಲ ನಾನು ಕಿರುಚಿದ್ದಕ್ಕೆ
ಬೇಲಿಯಾಚೆಯ ನಾಯಿಗಳೆಲ್ಲ ಎದ್ದು ಕೂತವು.

ಗುಡ್ಡದ ಕೊನೆಯ ಸಾಲು ನಮ್ಮದು,
ಉಲಾನ್‌ಬಾತರಿನ ದೀಪಗಳು ಹೊಗೆಯ ಅಡಿಯಲ್ಲಿ.
ಉಣ್ಣೆ ಹೊದ್ದ ದುಂಡು ಮನೆ, ನಡುವೆ ಒಲೆ,
ಹೊರಗೆ ಮೈನಸ್ ಮೂವತ್ತೊಂದು.
ಮಗುವಿಗೆ ಹೆಸರಿಟ್ಟಿರಲಿಲ್ಲ.
ತೂಕ ನಿಲ್ಲುವ ತನಕ ನೆರ್ಗುಯಿ ಅನ್ನೋಣ,
ಹೆಸರಿಲ್ಲದವಳು, ಹುಡುಕಿಕೊಂಡು ಬಂದದ್ದು
ಬಾಗಿಲು ತಪ್ಪಿ ಹೋಗಲಿ ಎಂದಿದ್ದರು ಅತ್ತೆ.

ಎಂಟು ದಿನ ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು.
ಹಾಲು ತೆಳು. ಮೊಲೆತೊಟ್ಟು ಚಪ್ಪಟೆ.
ಏಳು ತಿಂಗಳ ತನಕ ಫ್ಯಾಕ್ಟರಿಯಲ್ಲಿ ನಿಂತು ಸ್ವೆಟರ್ ಹೊಲಿದದ್ದು ತಪ್ಪು.
ನಾದಿನಿ ಕುರಿಬಾಲದ ಕೊಬ್ಬು ಚೀಪಿಸು ಎಂದಳು,
ಬೇಡ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಳು.
ಅತ್ತೆ ದುಲ್ಮಾ ಮಾತ್ರ ಏನೂ ಅನ್ನಲಿಲ್ಲ.
ಬೆನ್ನ ಹಿಂದೆ ಬಂದು ಕೂತು, ಗಂಟಲಲ್ಲೇ ಶುರುಮಾಡಿದರು:
ತೊಯ್ಗ್, ತೊಯ್ಗ್, ತೊಯ್ಗ್.

ಗೋಬಿಯ ಅಂಚಿನಲ್ಲಿ ನಲವತ್ತು ವರ್ಷ ಕುರಿ ಕಾಯ್ದ ದನಿ.
ಈದ ಮರಿಯನ್ನು ಮೂಸಿ, ಒದ್ದು, ಅತ್ತ ನಡೆದುಬಿಡುವ ಕುರಿ ಇರುತ್ತದಲ್ಲ,
ತೊರೆದ ಆ ಕುರಿ ತೊರೆ ಬಿಡಲೆಂದು
ಗಾಳಿಗೆ ಬೆನ್ನು ಕೊಟ್ಟು ಕೂತು ಹೀಗೆ ಹಾಡುತ್ತಾರೆ,
ಅರ್ಧ ದಿನ, ಒಂದಿಡೀ ದಿನ.
ಹಾಡುವುದು ಮರಿಗಲ್ಲ,
ತಾಯಿಗೆ.

ನಾನು ಒದ್ದವಳಲ್ಲ, ಎಂದೆ ತಿರುಗದೆಯೇ.
ನೋಡಿ, ಅಂಗಿ ಎರಡೂ ಕಡೆ ತೊಯ್ದಿದೆ.
ಹಾಡು ನಿಂತಿತು. ಕಲ್ಲಿದ್ದಲು ಕುಸಿಯಿತು ಒಲೆಯೊಳಗೆ.

ಒಂಬತ್ತನೆಯ ದಿನ ಸಾರಂಗುವಾ ಎಂಬ ಡಾಕ್ಟರು,
ನನಗಿಂತ ಚಿಕ್ಕವಳು, ಉಗುರಿನ ಬಣ್ಣ ಅರ್ಧ ಎದ್ದಿತ್ತು,
ಕಡ್ಡಿಯಲ್ಲಿ ನಾಲಿಗೆ ಒತ್ತಿ ಟಾರ್ಚು ಬಿಟ್ಟಳು.
ಅಂಗುಳಿನ ತೀರ ಹಿಂದೆ ಒಂದು ಸೀಳು.
ತುಟಿ ಅಷ್ಟು ಚೆಂದವಿದ್ದದ್ದಕ್ಕೆ
ಒಳಗೆ ಯಾರೂ ನೋಡಿರಲಿಲ್ಲ.
ಇವಳು ಜೀವ ಬಿಟ್ಟು ಹೀರುತ್ತಿದ್ದಾಳೆ ಅಕ್ಕಾ,
ಒಡೆದ ಕೊಳವೆಯಲ್ಲಿ ಹೀರಿದ ಹಾಗೆ, ಎಂದಳು.
ಹತ್ತು ತಿಂಗಳಾಗಲಿ, ಹೊಲಿಯುತ್ತೇವೆ.

ಕಾರಿಡಾರಿನಲ್ಲಿ ನಾನು ನಕ್ಕೆ.
ನನ್ನದಲ್ಲ, ನನ್ನದಲ್ಲ ಎಂದು ನಕ್ಕೆ.
ಮೆಟ್ಟಿಲಿಳಿಯುವಾಗ ತಿಳಿಯಿತು ನಕ್ಕದ್ದು ಯಾತಕ್ಕೆಂದು,
ಕೂಸಿನ ಮುಖಕ್ಕೆ ಶಾಲು ಮುಚ್ಚಿದೆ.
ಚಳಿಗೆ ಎಂದುಕೊಂಡಿರಬಹುದು ನೋಡಿದವರು.

ಈಗ ಮೆತ್ತನೆಯ ಬಾಟಲಿ. ನೆಟ್ಟಗೆ ಕೂರಿಸಿ,
ಅವಳು ನುಂಗಿದಾಗೊಮ್ಮೆ ನಾನು ಹಿಂಡಬೇಕು.
ಅದಕ್ಕೆ ಮೊದಲು ನನ್ನನ್ನು ನಾನೇ ಹಿಂಡಿಕೊಳ್ಳಬೇಕು
ಹನ್ನೆರಡಕ್ಕೆ, ಮೂರಕ್ಕೆ, ಆರಕ್ಕೆ.
ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತೇನೆ:
ಇಪ್ಪತ್ತು. ಹದಿನೈದು. ಕೆಮ್ಮು. ಹದಿನೈದು.
ಬೆಳಗ್ಗೆ ದುಲ್ಮಾ ಹೊರಗೆ ಹೋಗಿ
ಒಂಬತ್ತು ಗುಳಿಯ ಮರದ ಸೌಟಿನಿಂದ ಆಕಾಶಕ್ಕೆ ಹಾಲು ಚಿಮ್ಮುತ್ತಾರೆ.
ಪ್ಯಾಕೆಟ್ಟಿನ ಹಸುವಿನ ಹಾಲು, ಗೊತ್ತು ನನಗೆ.
ಆದರೂ ಎಣಿಸುತ್ತೇನೆ, ಎರಡು ಎಂ.ಎಲ್., ನಾಲ್ಕು,
ಆಕಾಶಕ್ಕೆ ಅಂಗುಳು ಗಟ್ಟಿಯಿದೆಯಲ್ಲ
ಎಂದು ಹೊಟ್ಟೆ ಉರಿಯುತ್ತದೆ.

ನಿನ್ನೆ ಮೂರರ ಸರದಿಗೆ ಒಂದು ಹನಿ ಬರಲಿಲ್ಲ.
ಪಂಪು ಸುಮ್ಮನೆ ಗಾಳಿ ಕಚ್ಚುತ್ತಿತ್ತು.
ಕೂಸು ಅಳುವುದನ್ನೂ ಬಿಟ್ಟು ನನ್ನನ್ನೇ ನೋಡುತ್ತಿತ್ತು.
ಕತ್ತಲಲ್ಲಿ ಮಂಚ ಕಿರುಗುಟ್ಟಿತು,
ಬೆನ್ನಿಗೆ ಒಂದು ಮೊಣಕಾಲು ತಾಕಿತು.
ತೊಯ್ಗ್, ತೊಯ್ಗ್.
ಈ ಸಲ ನಾನು ಏನೂ ಅನ್ನಲಿಲ್ಲ.
ಒದ್ದು ನಡೆದ ಕುರಿಗಷ್ಟೇ ಅಲ್ಲವೇನೋ ಇದು,
ನಿಂತು ನಿಂತು ಕಾಲು ಸೋತದ್ದಕ್ಕೂ ಇರಬಹುದು.
ಒರಗಿದೆ. ಆ ಎದೆಯೊಳಗಿಂದ ಹಾಡು
ನನ್ನ ಬೆನ್ನುಮೂಳೆಗೆ ಇಳಿಯಿತು.
ಎಷ್ಟು ಹೊತ್ತೋ. ಅಂಗಿ ತೊಯ್ಯತೊಡಗಿತು.

ಹಿಂಡಿದೆ. ಗುಟುಕು. ಹಿಂಡಿದೆ. ಗುಟುಕು.
ಇಪ್ಪತ್ತೈದು ಎಂ.ಎಲ್. ಹೋಯಿತು.
ಎತ್ತಿ ಬೆನ್ನು ತಟ್ಟುವಾಗ
ಐದರಷ್ಟು ಮೂಗಿನಿಂದ ಬಂತು.

ಇಪ್ಪತ್ತು ಎಂದು ಬರೆದೆ.