ಎಡಗಡೆ ಹಿಂದಿನ ಚಕ್ರ

ರಿಪ್ಪನ್‌ಪೇಟೆ ದಾಟಿ ಮೂರನೇ ತಿರುವಿಗೆ
ಟಕ್, ಟಕ್, ಟಕ್.
ಓಮ್ನಿಯೊಳಗೆ ಒಂಬತ್ತು ಮಕ್ಕಳು ಮಗ್ಗಿ ಹೇಳುತ್ತಿದ್ದವು;
ಸದ್ದು ಅದಕ್ಕೇ ತಾಳ ಹಾಕಿದಂತಿತ್ತು.

ಇಳಿದೆ. ನಾಲ್ಕರಲ್ಲಿ ಮೂರು ನಟ್ಟು
ಬೆರಳಲ್ಲೇ ತಿರುಗಿದವು.
ತಿಂಗಳಲ್ಲಿ ಇದು ನಾಲ್ಕನೇ ಸಲ.

ರಸ್ತೆಯ ಗುಂಡಿಗಳನ್ನು ಬೈದೆ.
ದೃಷ್ಟಿ ಎಂದಳು ವಾರಿಜ, ನಿಂಬೆಹಣ್ಣು ಕಟ್ಟಿದಳು.
ಪಾನಾದ ಮೇಲೆ ಹತ್ತಿ ನಿಂತು
ಎಪ್ಪತ್ತೆಂಟು ಕೇಜಿಯನ್ನೂ ಹಾಕಿ ಬಿಗಿದೆ.
ಬಿಗಿದಷ್ಟೂ
ಬೇಗ ಸಡಿಲ.

ದಸ್ತಗೀರ್ ಸಾಬರು ಚಕ್ರ ಬಿಚ್ಚಿ
ಮಡಿಲಿಗೆ ಹಾಕಿಕೊಂಡು ಕೂತರು,
ಅಕ್ಕಿ ಆರಿಸುವವರ ಹಾಗೆ.
ನಟ್ಟು ಕೂರುವ ಕುಳಿಯಲ್ಲಿ ಉಗುರು ಆಡಿಸಿದರು.
ಹೊಳೆಯುವ ಹೆಕ್ಕಳೆಯೊಂದು ಎದ್ದು ಬಂತು.

"ಯಾವಾಗ ಬಳಿದದ್ದು?"
"ಆಯುಧಪೂಜೆಗೆ. ಎರಡು ಕೋಟು."
"ಒಳಮೈಗೂ?"
"ಒಳಮೈಗೂ. ಪೂರ್ತಿ ಆಗಲಿ ಅಂತ."

"ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು ಮಾರಾಯ.
ನಡುವೆ ನಿನ್ನ ಬೆಳ್ಳಿ ಬಣ್ಣ ಕೂತು
ದಿನಾ ಒಂಚೂರು ನಜ್ಜಾಗ್ತದೆ,
ನಟ್ಟು ಪಾಪ ಏನು ಮಾಡ್ಬೇಕು?
ಸಾಲದ್ದಕ್ಕೆ ನೀನು ಹತ್ತಿ ಕುಣಿದು
ಬೋಲ್ಟಿನ ಕುತ್ತಿಗೆ ಎಳೆದಿದ್ದೀಯ."

ಎರಡು ಬೋಲ್ಟು ಹೊಸತು. ಆಮೇಲೆ ತಂತಿ ಬ್ರಷ್ಷು, ಕರಕರ;
ನನ್ನ ಭಕ್ತಿ ಪುಡಿಪುಡಿಯಾಗಿ
ಅವರ ಲುಂಗಿಯ ಮೇಲೆ ಮಿಂಚಿತು.
ಎದುರುಬದುರು ನಟ್ಟು, ಸ್ವಲ್ಪ ಸ್ವಲ್ಪವೇ.
"ಐವತ್ತು ಕಿಲೋಮೀಟರಾದ ಮೇಲೆ ಒಮ್ಮೆ ನೋಡು."

ಇವತ್ತು ಹುಂಚದ ಕ್ರಾಸಿನಲ್ಲಿ ನಿಲ್ಲಿಸಿದೆ.
"ಮತ್ತೆ ಕಳಚಿತಾ ಮಾಮ?" ಎಂದಿತು ಮೂರನೇ ಕ್ಲಾಸು.
ಪಾನಾ ಹಾಕಿದೆ. ಅಲುಗಲಿಲ್ಲ.
ಆದರೂ ಅಂಗೈಯಿಟ್ಟೆ:
ಬಿಸಿ. ನಟ್ಟಿನ ಸುತ್ತ ಉಂಗುರದಷ್ಟು
ಬಣ್ಣವಿಲ್ಲದ ಒರಟು ಜಾಗ.

ಮಗ್ಗಿ ಹದಿಮೂರೇಳರಲ್ಲಿ ನಿಂತಿತ್ತು.
ಯಾರಿಗೂ ಬರಲಿಲ್ಲ, ನನಗೂ.