'ಆ' ಅಕ್ಷರದ ಖಾನೆ

ಎಡಗೈಲಿ ಬರೆದು ಅಕ್ಷರ ಮರೆಸಬಹುದು,
ಮೊಳೆ ಜೋಡಿಸುವವನ ಬೆರಳಿಗೆ ಸುಳ್ಳು ಹೇಳಲಾಗದು.

ಅರಸೀಕೆರೆ, ಕೊಬ್ಬರಿ ಮಂಡಿಯ ಹಿಂದೆ, ತಗಡಿನ ಕೆಳಗೆ
ನಮ್ಮ ಪ್ರೆಸ್ಸು. ಒಂದು ಟ್ರೆಡಲ್. ತುಳಿಯುವ ಕಾಲೂ ನನ್ನದೇ.
ಯುದ್ಧಕ್ಕೆ ಕಾಗದ ಹೋಗಿತ್ತು, ಸೀಮೆಎಣ್ಣೆ ಹೋಗಿತ್ತು,
ಬರ್ಮಾಕ್ಕೆ ನನ್ನ ತಂಗಿಯ ಗಂಡ ಹೋಗಿದ್ದ.

ಸೋಮವಾರ ಮರುಳಸಿದ್ದಪ್ಪನವರ ಭಾಷಣ ಬರುವುದು.
ಪ್ರಜಾಪ್ರತಿನಿಧಿ, ಮಂಡಿಯ ಯಜಮಾನರು, ಬಿಳಿ ಪೇಟ.
ಬರೆದದ್ದು ಅವರಲ್ಲ, ಅವರ ವೆಂಕಟನಂಜಯ್ಯ:
ಛತ್ರಿ, ಎಲೆಯಡಿಕೆ ಚೀಲ, ಗುಟ್ಟು, ಮೂರನ್ನೂ ಹಿಡಿದು
ಒಂದೂವರೆ ಹೆಜ್ಜೆ ಹಿಂದೆ ನಡೆಯುವವರು.
'ಮಕ್ಕಳನ್ನು ಕಳಿಸಿ, ಲೆವಿ ರಾಗಿ ಅಳೆಯಿರಿ, ಜಯ ನಮ್ಮದೇ.'
ಆ ಭಾಷಣದಲ್ಲಿ ಒಂದೇ ಒಂದು 'ಆದರೆ' ಇರುತ್ತಿರಲಿಲ್ಲ.

ಗುರುವಾರ ರಾತ್ರಿ ಬಾಗಿಲ ಸಂದಿಯಲ್ಲಿ ಇನ್ನೊಂದು.
ಓರೆ ಅಕ್ಷರ. 'ಹಳಿಯ ಪಕ್ಕ'. ಕೆಳಗೆ: ಒಬ್ಬ ಪೋರ್ಟರ್.
'ನಿನ್ನೆಯ ಗಾಡಿಗೆ ಹನ್ನೊಂದು ಡಬ್ಬಿ, ಕಿಟಕಿ ಮುಚ್ಚಿತ್ತು,
ಆದರೆ ಒಳಗಿನಿಂದ ಯಾರೋ ಕನ್ನಡದಲ್ಲಿ ನೀರು ಕೇಳಿದರು.
ರಾಗಿ ಗೋದಾಮಿನಲ್ಲಿ ಭದ್ರ ಅನ್ನುತ್ತಾರೆ, ಆದರೆ
ಇಲಿಗಳು ಗೋದಾಮು ಬಿಟ್ಟು ಊರಿಗೆ ಬರುತ್ತಿವೆ.'
ಆದರೆ, ಆದರೆ. ನನ್ನ 'ಆ' ಖಾನೆ ಬರಿದಾಯಿತು.
ತಿಪಟೂರಿಂದ ಒಂದು ಹಿಡಿ ಕಡ ತಂದೆ,
ಲಗ್ನಪತ್ರಿಕೆಗೆ 'ಆಗಮನ', 'ಆಶೀರ್ವಾದ' ಜಾಸ್ತಿ ಎಂದು.

ಎರಡರಲ್ಲೂ 'ಯುದ್ದ'. ಒತ್ತಿಗೆ ಹೊಟ್ಟೆ ಸೀಳಿಲ್ಲ.
ಸೋಮವಾರವೂ ಸೀಳಿದೆ, ಗುರುವಾರವೂ ಸೀಳಿದೆ,
ಹಾಳೆಯನ್ನು ಬೀಡಿಯ ಬೆಂಕಿಗೆ ಕೊಟ್ಟೆ.

ಪೊಲೀಸರು ನಿಜವಾದ ಪೋರ್ಟರನ್ನೇ ಹಿಡಿದರು.
ಬಿಲ್ಲೆ ನಂಬರ್ ಏಳು, ಚೂಡಯ್ಯ, ಹೆಬ್ಬೆಟ್ಟಿನವನು.
'ಬರೆದದ್ದು ನೀನೇನೋ?'
'ಬರೆಯೋದು ಅಂದ್ರೆ ಹೆಂಗೆ ಸ್ವಾಮಿ?'
ಅದಕ್ಕೂ ಒಂದು ಏಟು.

ಆ ಗುರುವಾರ ಬಾರದು ಅಂದುಕೊಂಡಿದ್ದೆ.
ಬಂತು. ಎಂದಿಗಿಂತ ಉದ್ದ, ಎಂದಿಗಿಂತ ಖಾರ.
'ಚೂಡಯ್ಯ ಲಾಕಪ್ಪಿನಲ್ಲಿದ್ದಾನೆ, ಆದರೆ ನಾನು ಇಲ್ಲಿದ್ದೇನೆ.'
ಶನಿವಾರ ಬಿಟ್ಟರು. ಎಡಗಿವಿ ಹೋಗಿತ್ತು.
ಆಮೇಲೆ ಇಂಜಿನ್ ಯಾವ ಕಡೆ ಕೂಗಿದರೂ
ಅವನು ಬಲಕ್ಕೇ ತಿರುಗಿ ನೋಡುತ್ತಿದ್ದ.
ವೆಂಕಟನಂಜಯ್ಯ ಸ್ಟೇಷನ್ನಿನ ದಾರಿ ಬಿಟ್ಟು
ಕೆರೆಯ ಏರಿ ಬಳಸಿ ಹೋಗತೊಡಗಿದರು.

ಯಜಮಾನರು ಮಜ್ಜಿಗೆ ಕುಡಿಯುತ್ತ ಅದನ್ನು ಓದಿಸಿಕೊಂಡರು.
ಓದಿದವರು ಯಾರು ಹೇಳಬೇಕೆ? ನಾನು ಬಿಲ್ಲಿಗೆ ನಿಂತಿದ್ದೆ.
'ಜಾಣ ಕಣಯ್ಯ ಅವನು. ಒಂದು ಖಂಡನೆ ಬರಿ.'
ಬರೆದರು. ತಮ್ಮನ್ನೇ ದ್ರೋಹಿ ಎಂದು ಚೆಂದವಾಗಿ ಬರೆದರು.
ಹಗಲು ಖಂಡನೆ ಒತ್ತಿದೆ, ರಾತ್ರಿ ಅದಕ್ಕೆ ಉತ್ತರ.
ಸೀಸ ಅದೇ. ಮಸಿ ಅದೇ.

ವೆಂಕಟನಂಜಯ್ಯ ತೀರಿದ್ದು ಯುದ್ಧ ಮುಗಿದ ಒಂಬತ್ತನೇ ವರ್ಷ.
ಆ ಸಲ ಬರೆದುಕೊಡುವವರಿಲ್ಲ.
ಯಜಮಾನರ ಅಕ್ಷರವನ್ನು ಮೊದಲ ಬಾರಿ ಕಂಡೆ,
ನೀರು ಬಿದ್ದು ಚೆದುರಿದ ಇರುವೆ ಸಾಲು:
'ಅವನು ನನ್ನ ಬಲಗೈ ಆಗಿದ್ದ. ಆದರೆ'

ಕಡೆಯ ಮಾತಿಗೆ ಗೀಟು ಹೊಡೆದಿತ್ತು.
ಹೊಡೆದದ್ದನ್ನು ಜೋಡಿಸುವಂತಿಲ್ಲ, ಕಸುಬಿನ ನೇಮ.
ಮೂರು ಖಾಲಿ ಮೊಳೆ ಇಟ್ಟೆ.
ಓದಿದವರು ಅಚ್ಚಿನ ದೋಷ ಅಂದರು.