ಮೂರನೆಯ ಕೋಣೆ

ಸೆಂಕುನ್ಯಾನೆ ಹೊಳೆಯ ನಡುವೆ ಕುದುರೆ ಒಮ್ಮೆ ನಿಲ್ಲುತ್ತದೆ.
ನೀರಿಗಲ್ಲ. ನನಗೆ ಅವಸರವಿದೆಯೋ ಇಲ್ಲವೋ ನೋಡಲಿಕ್ಕೆ.
ಚೀಲದಲ್ಲಿ ಮೂರು ನಮೂನೆ, ಒಂದೊಂದರಲ್ಲಿ ಇಪ್ಪತ್ತಾರು ಚೌಕ,
ಕೆಳಗೆ ಜಿಲ್ಲಾ ಕಚೇರಿಯ ಮೊಹರು.
ನಿನ್ನೆ ಬಂದವಳಿಗೂ ಅದೇ, ನಾಳೆ ನಿವೃತ್ತನಾಗುವವನಿಗೂ ಅದೇ;
ಎಲ್ಲರ ಕಾಲಿಗೂ ಒಂದೇ ಅಳತೆಯ ಬೂಟು.

ಆಗಸ್ಟ್. ನೆತ್ತಿಯ ಮೇಲೆ ಇನ್ನೂ ಹಿಮ.
ಶಾಲೆಯ ಹಿಂದಿನ ಪೀಚ್ ಮರ ಮಾತ್ರ
ಯಾರ ಅಪ್ಪಣೆಗೂ ಕಾಯದೆ ಹೂ ಬಿಟ್ಟಿದೆ.

ಮೊದಲ ಕೋಣೆ ನ್ಥಾತಿಸಿಯದು.
ಕೆಲಸಕ್ಕೆ ಸೇರಿ ಆರು ವಾರ, ಎದುರಿಗೆ ಎಪ್ಪತ್ತೊಂದು ಮಕ್ಕಳು,
ಅಂಗೈಯಲ್ಲಿ ಶಾಯಿಯಲ್ಲಿ ಬರೆದುಕೊಂಡ ಪಾಠ
ಬೆವರಿಗೆ ಕಲಸಿಹೋಗಿದೆ.
ನಲವತ್ತು ನಿಮಿಷದ್ದನ್ನು ಹದಿನೆಂಟಕ್ಕೆ ಮುಗಿಸಿ
ಬಾವಿಗೆ ಕೊಡ ಬಿದ್ದವಳಂತೆ ನನ್ನನ್ನು ನೋಡಿದಳು.
ಹೇಳಬೇಕಾದ್ದು ಹನ್ನೊಂದಿತ್ತು, ಬೆರಳಲ್ಲಿ ಎಣಿಸಿದ್ದೆ.
ಮರಿಗುದುರೆಗೆ ಮೂಟೆ ಹೇರಿದರೆ ಅದು ಕೂತುಬಿಡುತ್ತದೆ.
ಒಂದೇ ಹೇಳಿದೆ: ಪ್ರಶ್ನೆ ಕೇಳಿದ ಮೇಲೆ
ಮನಸ್ಸಿನಲ್ಲೇ ಐದರವರೆಗೆ ಎಣಿಸು, ಆಮೇಲೆ ಬಾಯಿ ತೆರೆ.
ಅವಳು ಅದನ್ನೂ ಅಂಗೈಗೆ ಬರೆದುಕೊಂಡಳು.

ಎರಡನೆಯದು ಸೆಖೊಬೆ ಮೇಷ್ಟರದು. ಮೂವತ್ತೊಂದು ವರ್ಷ.
ನನಗೆ ಭಾಗಾಕಾರ ಕಲಿಸಿದ ಕೈ,
ಬಾರದಿದ್ದಾಗ ಗೆಣ್ಣಿಗೆ ಕೊಟ್ಟ ಕೈಯೂ ಅದೇ.
ಕುರ್ಚಿ ಬಿಟ್ಟುಕೊಟ್ಟರು. ನಾನು ಕೂರಲಿಲ್ಲ.
ಆವಿಯಲ್ಲಿ ಬೆಂದ ದುಂಡು ರೊಟ್ಟಿಯನ್ನು ಕೊಯ್ದು
ಅರ್ಧ, ಕಾಲು, ಅರೆಕಾಲು ಎಂದು ಹಂಚಿದರು;
ಭಿನ್ನರಾಶಿ ತಿಂದ ಮಕ್ಕಳ ಬಾಯಿ ಇನ್ನೂ ಆಡುತ್ತಿತ್ತು.
"ಹೇಳು, ತಪ್ಪೇನು? ಹತ್ತು ವರ್ಷದಿಂದ
ಬರುವವರೆಲ್ಲ ಕೈ ಮುಗಿದು ಹೋಗುತ್ತಾರೆ."
ನಾಲಿಗೆ ಒಣಗಿತ್ತು. ಆದರೂ ಹೇಳಿದೆ:
ಕಿಟಕಿ ಪಕ್ಕದ ಸಾಲಿಗೆ ನೀವು
ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನ್ತಾತೆ.
ಬಹಳ ಹೊತ್ತು ಸೀಮೆಸುಣ್ಣದ ಧೂಳು ಒರೆಸಿದರು.
"ಆ ಕಡೆ ಬೆಳಕು. ಮುಖಗಳು ಕಾಣುವುದಿಲ್ಲ.
ಪೊರೆ ಬಂದಿದೆ. ಯಾರಿಗೂ ಹೇಳಿಲ್ಲ."
ಇಪ್ಪತ್ತಾರು ಚೌಕದಲ್ಲಿ
ಕಣ್ಣಿಗೆ ಒಂದು ಚೌಕವೂ ಇರಲಿಲ್ಲ.
ಇಬ್ಬರೂ ಸೇರಿ ಕಪ್ಪುಹಲಗೆಯನ್ನು ಎದುರು ಗೋಡೆಗೆ ಸಾಗಿಸಿದೆವು.

ಮೂರನೆಯ ಕೋಣೆಗೆ ನಾನು ಯಾವಾಗಲೂ
ನಾಲ್ಕು ನಿಮಿಷ ಕೊಡುತ್ತೇನೆ.
ಪುಸೆಲೆಟ್ಸೊ. ಒಂಬತ್ತು ವರ್ಷ. ಗದ್ದಲವಿಲ್ಲ, ದೂರಿಲ್ಲ.
ನಿಂತಲ್ಲೇ ಗೀಟು, ಗೀಟು, ಗೀಟು,
ಕೊನೆಗೆ 'ಚೆನ್ನಾಗಿದೆ'.
ಈ ಸಲ ಅವಳು ಕಾಗದದ ಇನ್ನೊಂದು ತುದಿ ಹಿಡಿದಳು.
ಬಿಡಲಿಲ್ಲ.

"ಕುಂಟುವ ಕುದುರೆಗೆ ಎಲ್ಲರೂ ಲಾಳ ನೋಡುತ್ತಾರೆ,
ಮುದಿಯಾದದ್ದಕ್ಕೆ ಕಂಬಳಿ ಹೊದಿಸುತ್ತಾರೆ.
ನೆಟ್ಟಗೆ ನಡೆಯುವುದರ ಗೊರಸನ್ನು
ಎತ್ತಿ ನೋಡಿದವರು ಯಾರಿದ್ದಾರೆ, ಅಮ್ಮ?"

ಮೇಜಿನ ಖಾನೆಯಲ್ಲಿ ಅವಳ ರಾಜೀನಾಮೆ ಇತ್ತು.
ತಾರೀಖು ಬರೆದಿರಲಿಲ್ಲ.
ಮಪುತ್ಸುವಿನ ಬಟ್ಟೆ ಕಾರ್ಖಾನೆಯಲ್ಲಿ ತಂಗಿ ಇದ್ದಾಳಂತೆ;
ಅಲ್ಲಿ ಹೊಲಿಗೆ ತಪ್ಪಿದರೆ ಯಾರಾದರೂ ಬೈಯುತ್ತಾರಂತೆ.
ಬೈಯುವುದಕ್ಕಾದರೂ ಹತ್ತಿರ ಬರಬೇಕಲ್ಲ, ಎಂದಳು.

ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ.
ಓದು ಹತ್ತದ ಹುಡುಗನೊಬ್ಬನನ್ನು ತೋರಿಸಿದಳು,
ಎರಡು ವರ್ಷದಿಂದ ಅವನ ಬಗ್ಗೆ ಬರೆದ ಪುಸ್ತಕ ತೋರಿಸಿದಳು.
ಪುಟ ಮಗುಚುತ್ತ ಮಗುಚುತ್ತ
ನನಗೆ ಗೊತ್ತಿಲ್ಲದ್ದನ್ನು ನಾನು ಕಲಿಯುತ್ತಿದ್ದೆ.
ಇದನ್ನು ನ್ಥಾತಿಸಿಗೆ ತೋರಿಸಿದ್ದೀಯಾ, ಎಂದೆ.
"ಯಾರು ಕೇಳಿದರು?"
ಹೊರಗೆ ದನಗಾಹಿ ಹುಡುಗನೊಬ್ಬ ಕಂಬಳಿ ಹೊದ್ದು
ಕಿಟಕಿಗೆ ಮೂಗು ಒತ್ತಿ ನಮ್ಮಿಬ್ಬರ ಪಾಠ ನೋಡುತ್ತಿದ್ದ.

ಹೊರಟಾಗ ಕತ್ತಲು. ಮೂರನೆಯ ನಮೂನೆ ಖಾಲಿ.
ಕಚೇರಿಯಲ್ಲಿ ಕೇಳುತ್ತಾರೆ, ಏನು ಹೇಳಲಿ ಗೊತ್ತಿಲ್ಲ.
ಆ ರಾಜೀನಾಮೆಯನ್ನು ಅವಳು ಹರಿಯಲಿಲ್ಲ;
ನಾನೂ ಹರಿ ಅನ್ನಲಿಲ್ಲ.
ಹೊಳೆಯ ದಂಡೆಯಲ್ಲಿ ಇಳಿದು
ಎಂದೂ ಕುಂಟದ ಕುದುರೆಯ ಕಾಲೆತ್ತಿ, ದೀಪ ಹಿಡಿದು ನೋಡಿದೆ.
ಮುಳ್ಳಿಲ್ಲ, ಕಲ್ಲಿಲ್ಲ, ಬರೀ ಕೆಸರು.
ಆದರೂ ಅದು ಕತ್ತು ತಿರುಗಿಸಿ
ಬಹಳ ಹೊತ್ತು ನನ್ನನ್ನೇ ನೋಡಿತು.